ತೋಟದ ಮನೆಯ ನಾಯಿಮರಿ: ತಂದ ದಿನದಿಂದ ಆರು ತಿಂಗಳವರೆಗೆ

ಕೊಡಗಿನ ಬಹುಪಾಲು ಮನೆಗಳಲ್ಲಿ ಅಂಗಳ ಮುಗಿದಲ್ಲೇ ಕಾಫಿ ಗಿಡ ಶುರು. ನಡುವೆ ಬೇಲಿ ಇದ್ದರೂ ಮರಿ ನುಸುಳುವಷ್ಟು ಸಂದಿ ಎಲ್ಲೋ ಇದ್ದೇ ಇರುತ್ತದೆ. ಆಚೆ ಕಡೆ ಬಸವನಹುಳಕ್ಕೆ ಹಾಕಿದ ವಿಷ, ಹಂದಿಗೆ ಯಾರೋ ಕಟ್ಟಿದ ಉರುಳು, ಉಣ್ಣಿ, ಹಾವು, ಸಂಜೆಯಾದರೆ ಚಿರತೆ. ಇಲ್ಲಿ ಮರಿಯನ್ನು ಉಳಿಸುವ ಅಭ್ಯಾಸಗಳು ಮೂರು: ಕರೆದರೆ ಬರಬೇಕು, ‘ಬಿಡು’ ಅಂದರೆ ಬಿಡಬೇಕು, ಕತ್ತಲಾದ ಮೇಲೆ ಒಳಗಿರಬೇಕು. ಶೇಕ್‌ಹ್ಯಾಂಡ್ ಕೊಡುವುದನ್ನು ಯಾವಾಗ ಬೇಕಾದರೂ ಕಲಿಸಬಹುದು.

ಯಾವ ವಯಸ್ಸಿನ ಮರಿ, ಯಾವ ತಿಂಗಳಲ್ಲಿ

ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ತರಬೇಡಿ. ಅದಕ್ಕಿಂತ ಸಣ್ಣ ಮರಿ ಮಾರುವುದನ್ನು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳೂ ನಿಷೇಧಿಸಿವೆ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವ ಆ ಐದರಿಂದ ಎಂಟನೇ ವಾರದಲ್ಲಿ. ಮೂವತ್ತೈದು ದಿನಕ್ಕೇ ಬೇರೆಯಾದ ಮರಿಗೆ ಆ ಪಾಠವನ್ನು ನಿಮ್ಮ ಕೈಬೆರಳೇ ಹೇಳಿಕೊಡಬೇಕಾಗುತ್ತದೆ. ಮಾರುವವರು ಹೇಳುವ ವಯಸ್ಸಿನ ಮೇಲೆ ಅನುಮಾನ ಬಂದರೆ ಬಾಯಿ ತೆರೆದು ನೋಡಿ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಹೆಚ್ಚುಕಡಿಮೆ ಬಂದಿರುತ್ತವೆ. ಹಿಂದಿನ ದವಡೆ ಇನ್ನೂ ಬೋಳಾಗಿದ್ದರೆ ಮರಿ ಎಳೆಯದು.

ತಿಂಗಳ ವಿಚಾರಕ್ಕೆ ಬಂದರೆ, ನಮ್ಮ ಸಲಹೆ ಮಾರ್ಚ್. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಮನೆಯಲ್ಲಿ ಮರಿ ನೋಡಲು ಜನ ಇರುತ್ತಾರೆ, ಜೂನ್ ಮಳೆ ಹಿಡಿಯುವ ಮೊದಲೇ ಲಸಿಕೆಗಳ ಸರಣಿ ಮುಗಿದಿರುತ್ತದೆ. ಅಕ್ಟೋಬರ್ ಎರಡನೇ ಆಯ್ಕೆ. ಜನವರಿಯಲ್ಲಿ ಎಲ್ಲರೂ ತೋಟದಲ್ಲಿ, ಕಣದಲ್ಲಿ. ಮರಿ ಒಂಟಿಯಾಗಿ ಚೈನಿನಲ್ಲಿ. ಜುಲೈಯಲ್ಲಿ ತಂದರೆ ಶೌಚದ ಅಭ್ಯಾಸ ಮಾಡಿಸುವ ಕಷ್ಟ ದುಪ್ಪಟ್ಟು. ಆಗದು ಎಂದಲ್ಲ, ಆದರೆ ಕೆಳಗೆ ಹೇಳುವ ಮಳೆಗಾಲದ ವ್ಯವಸ್ಥೆ ಮರಿ ಬರುವ ಮೊದಲೇ ಸಿದ್ಧವಿರಬೇಕು.

ತಳಿಯ ಬಗ್ಗೆ ಒಂದೇ ಮಾತು. ಚಳಿಯ ಊರು ತಾನೇ ಎಂದು ಹಸ್ಕಿ, ಸೇಂಟ್ ಬರ್ನಾರ್ಡ್ ತರುವವರಿದ್ದಾರೆ. ಕೊಡಗಿನದು ಒಣ ಚಳಿಯಲ್ಲ. ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ವಾರಗಟ್ಟಲೆ ಆರದ ದಪ್ಪ ಕೂದಲಿನ ಕೆಳಗೆ ಚರ್ಮ ಕೊಳೆಯುತ್ತದೆ. ಗಿಡ್ಡ ಕೂದಲಿನ ಊರ ನಾಯಿ ಇಲ್ಲಿಗೆ ಹೇಳಿ ಮಾಡಿಸಿದಂತಿರುತ್ತದೆ, ಮತ್ತು ಅದು ಕಲಿಯುವುದರಲ್ಲಿ ಲ್ಯಾಬ್ರಡಾರ್‌ಗಿಂತ ಹಿಂದಿಲ್ಲ.

ಮೊದಲೇ ತಂದಿಡಬೇಕಾದವು: ಮಗುಚದ ಎರಡು ಬಟ್ಟಲು, ಅಳತೆ ಬದಲಿಸಬಹುದಾದ ಹಗುರ ಕತ್ತಿನ ಬೆಲ್ಟು, ಐದಾರು ಅಡಿ ಉದ್ದದ ಬಟ್ಟೆಯ ಲೀಶ್, 10 ಮೀಟರ್ ತೆಳು ನೈಲಾನ್ ಹಗ್ಗ, ಕನಿಷ್ಠ ಆರು ಹಳೆ ಟವೆಲ್, ತಂತಿಯ ಕ್ರೇಟ್ ಇಲ್ಲವೇ ಮರದ ಪೆಟ್ಟಿಗೆ, ಚಿಮುಟ, ಥರ್ಮಾಮೀಟರ್. ಕ್ರೇಟ್‌ನೊಳಗೆ ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ಜಾಗ ಇರಲಿ. ದೊಡ್ಡ ಕ್ರೇಟ್ ತಂದಿದ್ದರೆ ನಡುವೆ ಹಲಗೆ ಅಡ್ಡ ಇಡಿ; ಇಲ್ಲದಿದ್ದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಉಚ್ಚೆಗೆ ಎಂದು ಮರಿ ತಾನೇ ತೀರ್ಮಾನಿಸಿಬಿಡುತ್ತದೆ.

ಮಲಗುವ ಜಾಗಕ್ಕೆ ಹಾಸಲು ಒಣಗಿದ ಕಾಫಿ ಸಿಪ್ಪೆ ಬಳಸುವ ಅಭ್ಯಾಸ ಕೆಲವು ಕಡೆ ಇದೆ. ಬೇಡ. ಸಿಪ್ಪೆಯಲ್ಲೂ ಕೆಫೀನ್ ಇರುತ್ತದೆ, ಮರಿ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಹಳೆ ಕಂಬಳಿ, ಗೋಣಿಚೀಲದ ಮೇಲೆ ಟವೆಲ್, ಇಷ್ಟು ಸಾಕು.

ಮೊದಲ ದಿನ, ಮೊದಲ ರಾತ್ರಿಗಳು

ನಮ್ಮ ತಿರುವು ರಸ್ತೆಗಳಲ್ಲಿ ದೊಡ್ಡವರೇ ವಾಂತಿ ಮಾಡಿಕೊಳ್ಳುತ್ತಾರೆ. ಹೊರಡುವ ಮೂರು ಗಂಟೆ ಮೊದಲೇ ಮರಿಯ ಊಟ ಮುಗಿದಿರಲಿ, ತಾಯಿಯ ವಾಸನೆ ಇರುವ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ. ದಾರಿಯಲ್ಲಿ ಬಸ್ ನಿಲ್ದಾಣ, ಮಾರ್ಕೆಟ್, ಹೋಟೆಲಿನ ಅಂಗಳದಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆ ಪೂರ್ತಿಯಾಗದ ಮರಿಗೆ ಅದು ಅಂಟಿದರೆ ಐದಾರು ದಿನದಲ್ಲಿ ವಾಂತಿ, ರಕ್ತಭೇದಿ.

ಮನೆ ಮುಟ್ಟಿದ ಕೂಡಲೇ ಒಳಗೆ ಕರೆದೊಯ್ಯದೆ ಮೊದಲು ಶೌಚಕ್ಕೆಂದು ಗೊತ್ತು ಮಾಡಿದ ಜಾಗದಲ್ಲಿ ಇಳಿಸಿ. ಅಲ್ಲಿ ಉಚ್ಚೆ ಮಾಡಿದ ಮೇಲೆ ಒಳಗೆ. ಆ ದಿನ ನೆಂಟರಿಷ್ಟರು, ಲೈನ್ ಮನೆಯ (ಕೆಲಸದವರ ಸಾಲುಮನೆಯ) ಮಕ್ಕಳು, ಎಲ್ಲರೂ ಎತ್ತಿಕೊಳ್ಳಲು ಬರುತ್ತಾರೆ. ಒಂದು ದಿನ ತಡೆಯಿರಿ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡಬೇಕು. ನಿದ್ದೆಗೆಟ್ಟ ಮರಿಯೇ ಸಂಜೆ ಹುಚ್ಚು ಹಿಡಿದಂತೆ ಓಡಿ ಕಾಲು ಕಚ್ಚುವುದು.

ಮೊದಲ ರಾತ್ರಿ ಮರಿಯನ್ನು ಜಗಲಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಒಂಟಿಯಾಗಿ ಬಿಡುವುದು ನಮ್ಮಲ್ಲಿ ಸಾಮಾನ್ಯ. ಅತ್ತು ಅತ್ತು ಸುಮ್ಮನಾಗುತ್ತದೆ, ನಿಜ. ಆದರೆ ಒಂಟಿತನ ಎಂದರೆ ಭಯ ಎಂದು ಅದರ ತಲೆಯಲ್ಲಿ ಕೂತುಬಿಡುತ್ತದೆ. ಮುಂದೆ ನೀವು ಪೇಟೆಗೆ ಹೋದಾಗ ಬಾಗಿಲು ಕೆರೆದು ಹಾಕುವ ನಾಯಿ ತಯಾರಾಗುವುದು ಹೀಗೆ. ಮೊದಲ ಒಂದು ವಾರ ಕ್ರೇಟ್ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಚಳಿಗಾಲವಾದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಂದು ಮೂಲೆಯಲ್ಲಿಡಿ. ಸೆಕೆಯಾದರೆ ಸರಿದು ಮಲಗಲು ಜಾಗವಿರಲಿ. ಹಂಡೆ ಒಲೆಯ ಬೂದಿಯಲ್ಲಿ ಮಲಗುವ ರೂಢಿಯನ್ನು ಮೊದಲ ದಿನದಿಂದಲೇ ತಪ್ಪಿಸಿ, ಬೂದಿಯೊಳಗಿನ ಕೆಂಡ ಕಾಣುವುದಿಲ್ಲ. ಎರಡನೇ ವಾರದಿಂದ ದಿನಕ್ಕೆ ಎರಡಡಿಯಂತೆ ಕ್ರೇಟ್ ಅನ್ನು ಬಾಗಿಲ ಕಡೆಗೆ ಸರಿಸುತ್ತ ಹೋಗಿ.

ಶೌಚದ ಅಭ್ಯಾಸ, ಅದೂ ಮಳೆಯಲ್ಲಿ

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಅಷ್ಟು ಗಂಟೆ ಹೆಚ್ಚೆಂದರೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ. ಎಚ್ಚರವಿದ್ದು ಆಡುತ್ತಿದ್ದರೆ ಅರ್ಧ ಗಂಟೆಯೂ ಇಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಐದರಿಂದ ಇಪ್ಪತ್ತು ನಿಮಿಷದೊಳಗೆ, ಆಟದ ನಡುವೆ ಒಮ್ಮೆ, ಮಲಗುವ ಮೊದಲು, ಮತ್ತು ರಾತ್ರಿ ಎರಡೂವರೆ ಮೂರರ ಹೊತ್ತಿಗೆ ಒಮ್ಮೆ ಹೊರಗೆ ಕರೆದೊಯ್ಯಿರಿ. ಲೆಕ್ಕ ಹಾಕಿದರೆ ದಿನಕ್ಕೆ ಹತ್ತು ಹನ್ನೆರಡು ಸಲ. ಎರಡು ಮೂರು ವಾರ ಇದನ್ನು ತಪ್ಪದೆ ಮಾಡಿದರೆ ಮುಂದಿನ ಹನ್ನೆರಡು ವರ್ಷ ನೆಲ ಒರೆಸುವುದು ತಪ್ಪುತ್ತದೆ.

ಪ್ರತಿ ಸಲವೂ ಅದೇ ಬಾಗಿಲು, ಅದೇ ಜಾಗ, ಲೀಶ್ ಹಾಕಿಯೇ. ನೀವು ಕಂಬದಂತೆ ನಿಂತಿರಿ, ಮಾತಾಡಿಸಬೇಡಿ, ಆಡಿಸಬೇಡಿ. ಮಾಡಿ ಮುಗಿಸಿದ ಎರಡು ಸೆಕೆಂಡಿನೊಳಗೆ ಹೊಗಳಿಕೆ ಮತ್ತು ತಿನಿಸು. ಒಳಗೆ ಬಂದು ಕೊಟ್ಟರೆ ಮರಿಗೆ ಅರ್ಥವಾಗುವುದು ಒಳಗೆ ಬಂದದ್ದಕ್ಕೆ ತಿಂಡಿ ಎಂದು. ಐದು ನಿಮಿಷ ಕಳೆದರೂ ಏನೂ ಆಗದಿದ್ದರೆ ಒಳಗೆ ತಂದು ಕ್ರೇಟ್‌ನಲ್ಲಿ ಹದಿನೈದು ನಿಮಿಷ ಇಟ್ಟು ಮತ್ತೆ ಹೊರಗೆ. ಹೊರಗೆ ಏನೂ ಮಾಡದ ಮರಿಯನ್ನು ಒಳಗೆ ಹಾಗೇ ಬಿಡುವುದು, ಎಲ್ಲ ಮನೆಗಳಲ್ಲೂ ಆಗುವ ತಪ್ಪು ಇದು.

ಈಗ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ದಿನವಿಡೀ ಸುರಿಯುವಾಗ ಮರಿ ಅಂಗಳಕ್ಕೆ ಕಾಲಿಡುವುದೇ ಇಲ್ಲ. ಜಗಲಿಯ ಮೂಲೆಯಲ್ಲೇ ಮುಗಿಸುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ, ಸೂರಿಗೆ ಒಂದು ಶೀಟ್ ಸೇರಿಸಿ. ಮನೆಯ ಹಿಂದೆ ಆರಡಿಗೆ ನಾಲ್ಕಡಿ ಜಾಗಕ್ಕೆ ತಗಡಿನ ಮಾಡು ಇಳಿಸಿ, ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿ, ಒಳಗೆ ನಾಲ್ಕಿಂಚು ಜಲ್ಲಿ, ಮೇಲೆ ಮೂರಿಂಚು ಮರಳು ಹಾಕಿ. ನೀರು ನಿಲ್ಲದಂತೆ ಇಳಿಜಾರಿನ ಕಡೆ ಒಂದು ಸಂದಿ ಬಿಡಿ. ಗಟ್ಟಿ ಕಸವನ್ನು ದಿನವೂ ತೆಗೆಯಿರಿ, ಮೇಲಿನ ಮರಳನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಿ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಮರಿ ಹೆದರಿದರೆ ಮೊದಲ ನಾಲ್ಕು ದಿನ ಅಲ್ಲೇ ಕೂತು ತಿನಿಸು ಕೊಡಿ. ಮಳೆ ಕಡಿಮೆಯಾಗುತ್ತ ಬಂದಂತೆ ಅದೇ ಮರಳನ್ನು ಒಂದು ಹಿಡಿ ತೋಟದ ಅಂಚಿನ ಜಾಗಕ್ಕೆ ಹಾಕಿದರೆ ವಾಸನೆ ಹಿಡಿದು ಅಲ್ಲಿಗೇ ಹೋಗುತ್ತದೆ.

ಒಳಗೆ ಮಾಡಿಬಿಟ್ಟರೆ? ಮಾಡುತ್ತಿರುವಾಗಲೇ ಕಂಡರೆ ಸದ್ದಿಲ್ಲದೆ ಎತ್ತಿ ಹೊರಗೆ ಒಯ್ಯಿರಿ. ಆಮೇಲೆ ಕಂಡದ್ದಾದರೆ ಒರೆಸಿ, ಅಷ್ಟೇ. ಮೂತಿಯನ್ನು ಅದಕ್ಕೆ ಒತ್ತಿ ಹೊಡೆಯುವುದರಿಂದ ಮರಿ ಕಲಿಯುವುದು ಮನುಷ್ಯರ ಎದುರು ಮಾಡಬಾರದು ಎಂದಷ್ಟೇ. ಆಮೇಲೆ ಅದು ಸೋಫಾದ ಹಿಂದೆ ಮಾಡುತ್ತದೆ, ಹೊರಗೆ ನಿಮ್ಮ ಮುಂದೆಯೂ ಮಾಡುವುದಿಲ್ಲ. ಒರೆಸಲು ಫಿನಾಯಿಲ್ ಬೇಡ, ನೆಕ್ಕಿದರೆ ಬಾಯಿ ಸುಡುತ್ತದೆ. ಒಂದು ಪಾಲು ವಿನೆಗರ್‌ಗೆ ಒಂದು ಪಾಲು ನೀರು ಬೆರೆಸಿ ಒರೆಸಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಗುಡಿಸಿ. ರೆಡ್ ಆಕ್ಸೈಡ್ ನೆಲದ ಮೇಲೆ ವಿನೆಗರ್ ಹೆಚ್ಚು ಹೊತ್ತು ನಿಲ್ಲಿಸಬೇಡಿ, ಬಣ್ಣ ಹೋಗುತ್ತದೆ. ಅಂದ ಹಾಗೆ, ಆ ನುಣುಪು ನೆಲದಲ್ಲಿ ಮರಿ ಜಾರುತ್ತಲೇ ಬೆಳೆದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಅದು ಓಡಾಡುವ ದಾರಿಯಲ್ಲಿ ಗೋಣಿತಾಟು ಹಾಸಿ.

ಊಟ

ಅನ್ನ ಹಾಲು ಕಲಸಿ ಇಡುವುದು ಮರಿಗೆ ಊಟವಲ್ಲ. ಹಾಲಿನ ಸಕ್ಕರೆ ಅನೇಕ ಮರಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬರಿ ಅನ್ನದಲ್ಲಿ ಬೆಳವಣಿಗೆಗೆ ಬೇಕಾದ ಪ್ರೋಟೀನ್, ಸುಣ್ಣದಂಶ ಎರಡೂ ಇಲ್ಲ. ಮುಂಗಾಲು ಬಿಲ್ಲಿನಂತೆ ಬಾಗಿದ ಮರಿಗಳು ಹೆಚ್ಚಾಗಿ ಇಂಥ ಮನೆಗಳವು.

ಸುಲಭ ದಾರಿ ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರ. ಎರಡು ತಿಂಗಳ, 5 ಕಿಲೋ ತೂಗುವ ಲ್ಯಾಬ್ರಡಾರ್ ಮರಿಗೆ ದಿನಕ್ಕೆ ಸುಮಾರು 700 ಕ್ಯಾಲೊರಿ ಬೇಕು. ಸಾಮಾನ್ಯ ಪ್ಯಾಕೆಟ್ ಆಹಾರದಲ್ಲಿ ಅದು 180 ಗ್ರಾಂ ಹತ್ತಿರ. ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 45 ಗ್ರಾಂ. 3 ಕಿಲೋದ ಊರ ಮರಿಗೆ ದಿನಕ್ಕೆ 125 ಗ್ರಾಂ ಸಾಕು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ. ಮೂರು ತಿಂಗಳಾದ ಮೇಲೆ ಮೂರು ಹೊತ್ತು, ಆರು ತಿಂಗಳಾದ ಮೇಲೆ ಎರಡು ಹೊತ್ತು. ಪ್ರತಿ ವಾರ ತೂಕ ನೋಡಿ ಪ್ರಮಾಣ ಬದಲಿಸಿ: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಈ ಆಹಾರ ಕೊಡುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂಳೆಯನ್ನೇ ಕೆಡಿಸುತ್ತದೆ. ಮನೆಯಲ್ಲೇ ಬೇಯಿಸಿ ಹಾಕುವುದಾದರೆ ಲೆಕ್ಕ ತಿರುಗುಮುರುಗು, ಅಲ್ಲಿ ಕ್ಯಾಲ್ಸಿಯಂ ಸೇರಿಸಲೇಬೇಕು. ಎಷ್ಟು ಎಂದು ಮರಿಯ ತೂಕ ನೋಡಿ ಪಶುವೈದ್ಯರಿಂದ ಬರೆಸಿಕೊಳ್ಳಿ.

ಪಂದಿ ಕರಿ ಮಾಡಿದ ದಿನ ಮರಿ ಅಡುಗೆಮನೆ ಬಾಗಿಲು ಬಿಟ್ಟು ಕದಲುವುದಿಲ್ಲ. ಆದರೂ ಕೊಡಬೇಡಿ. ಹಂದಿ ಕೊಬ್ಬು ಮೇದೋಜೀರಕ ಗ್ರಂಥಿಗೆ ಉರಿಯೂತ ತರಬಹುದು, ಮಸಾಲೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಮನೆಯಲ್ಲಿ ವೈನ್ ಮಾಡಿ ಸೋಸಿದ ಚರಟ, ಚಾಕೊಲೇಟ್, ಕಾಫಿ ಪುಡಿಯ ಗಸಿ, ಇವು ಯಾವುವೂ ಮರಿಯ ಬಾಯಿಗೆ ಸಿಗಬಾರದು. ಬೆಣ್ಣೆಹಣ್ಣಿನ ಮರ ಅಂಗಳದಲ್ಲಿದ್ದರೆ ಬಿದ್ದ ಹಣ್ಣನ್ನು ದಿನವೂ ಹೆಕ್ಕಿ. ಅದರ ಬೀಜ ನುಂಗಿದರೆ ಕರುಳಲ್ಲಿ ಸಿಕ್ಕಿ ಆಪರೇಷನ್ನೇ ಗತಿ.

ಲಸಿಕೆ, ಜಂತುಹುಳ, ಉಣ್ಣಿ

ಪಾರ್ವೊ, ಡಿಸ್ಟೆಂಪರ್ ಮೊದಲಾದವಕ್ಕೆ ಸೇರಿ ಬರುವ ಲಸಿಕೆಯ ಮೊದಲ ಡೋಸು ಆರರಿಂದ ಎಂಟು ವಾರಕ್ಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ. ಒಂದು ಹಾಕಿಸಿದ್ದೇವಲ್ಲ ಎಂದು ಬಿಡುವವರೇ ಪಾರ್ವೊಗೆ ಮರಿ ಕಳೆದುಕೊಳ್ಳುವುದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ, ಅದು ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ; ಹಾಗಾಗಿಯೇ ಸರಣಿ. ಗದ್ದೆ, ಇಲಿ, ನಿಂತ ನೀರು ಇರುವ ನಮ್ಮಲ್ಲಿ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರದ ಲಸಿಕೆ ಅದರಲ್ಲಿ ಸೇರಿದೆಯೇ ಎಂದು ಕೇಳಿ ಹಾಕಿಸಿ. ಅದು ನಾಯಿಯಿಂದ ಮನುಷ್ಯರಿಗೂ ಬರುವ ರೋಗ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಒಂದು ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಮರಿ ಚಿಕ್ಕದು ಎಂದು ಅದರ ಕಡಿತ, ಪರಚುಗಾಯವನ್ನು ಹಗುರವಾಗಿ ಕಾಣಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಜಂತುಹುಳದ ಔಷಧಿ ಎರಡು ವಾರದ ವಯಸ್ಸಿನಿಂದ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ತೂಗಿ ಡೋಸು ಕೇಳಿ. ಕಳೆದ ತಿಂಗಳ ಲೆಕ್ಕ ಈ ತಿಂಗಳಿಗೆ ಸಾಲದು. ವಸಡು ಬಿಳುಚಿದ್ದರೆ ಕೊಕ್ಕೆಹುಳ ರಕ್ತ ಕುಡಿದಿದೆ ಎಂದು ಅನುಮಾನಿಸಿ.

ಉಣ್ಣಿಗೆ ಫಿಪ್ರೊನಿಲ್ ಹನಿ ಇಲ್ಲವೇ ಅಗಿಯುವ ಮಾತ್ರೆ, ಎಂಟು ವಾರದ ಮೇಲಿನ ಮರಿಗೆ, ತೂಕಕ್ಕೆ ತಕ್ಕಂತೆ ವೈದ್ಯರು ಕೊಡುತ್ತಾರೆ. ದನಕ್ಕೆ ಹಚ್ಚಲು ತಂದ ಉಣ್ಣಿ ಔಷಧಿಯನ್ನು ಅಂದಾಜಿಗೆ ನೀರಲ್ಲಿ ಕಲಸಿ ಮರಿಯನ್ನು ಅದ್ದುವುದುಂಟು; ನಡುಕ, ಜೊಲ್ಲು, ಕೆಲವೊಮ್ಮೆ ಸಾವು. ದಿನ ಸಂಜೆ ಎರಡು ನಿಮಿಷ ಕೈಯಾಡಿಸಿ: ಕಾಲ್ಬೆರಳ ಸಂದಿ, ಕಿವಿಯೊಳಗೆ, ಕಂಕುಳು, ಬೆಲ್ಟಿನಡಿ, ಬಾಲದ ಬುಡ. ಸಿಕ್ಕ ಉಣ್ಣಿಯನ್ನು ಚರ್ಮಕ್ಕೆ ತಾಗುವಂತೆ ಚಿಮುಟದಲ್ಲಿ ಹಿಡಿದು ನೇರ ಎಳೆಯಿರಿ, ಸೋಪು ನೀರಿಗೆ ಹಾಕಿ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಉಗುರಲ್ಲಿ ಹೊಸಕುವುದೂ ಬೇಡ. ಉಣ್ಣಿಜ್ವರದ ಗುರುತುಗಳು ಊಟ ಬಿಡುವುದು, 39.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಬಿಳುಚಿದ ವಸಡು, ಮೂಗಿನಿಂದ ರಕ್ತ, ಡಿಕಾಕ್ಷನ್ ಬಣ್ಣದ ಉಚ್ಚೆ. ಇವುಗಳಲ್ಲಿ ಎರಡು ಕಂಡರೂ ನಾಳೆಗೆ ಕಾಯಬೇಡಿ.

ಜಿಗಣೆ ಕಾಲಿಗೆ ಹತ್ತಿದರೆ ಚಿಟಿಕೆ ಉಪ್ಪು ಸಾಕು, ರಕ್ತ ನಿಲ್ಲುವವರೆಗೆ ಬಟ್ಟೆ ಒತ್ತಿ ಹಿಡಿಯಿರಿ. ಮೂಗಿನ ಒಂದೇ ಹೊಳ್ಳೆಯಿಂದ ರಕ್ತ ಬರುತ್ತ ಮರಿ ಪದೇ ಪದೇ ಸೀನುತ್ತಿದ್ದರೆ ಮಾತ್ರ ತೋಡಿನ ನೀರು ಕುಡಿದಾಗ ಜಿಗಣೆ ಒಳಹೊಕ್ಕಿರಬಹುದು. ಅದನ್ನು ವೈದ್ಯರೇ ತೆಗೆಯಬೇಕು.

ತೋಟದೊಳಗಿನ ವಿಷ

ಶನಿವಾರಸಂತೆ ಕಡೆ ಆಫ್ರಿಕನ್ ದೈತ್ಯ ಬಸವನಹುಳದ ಹಾವಳಿ ಎದ್ದ ಮೇಲೆ ತೋಟಗಳಲ್ಲಿ ಮೆಟಾಲ್ಡಿಹೈಡ್ ಕಾಳು ಬಳಕೆಗೆ ಬಂತು. ಹುಳವನ್ನು ಸೆಳೆಯಲೆಂದು ತಿನಿಸಿನಂತೆ ಮಾಡಿರುತ್ತಾರೆ, ನಾಯಿಯನ್ನೂ ಅದು ಸೆಳೆಯುತ್ತದೆ. ತಿಂದ ಒಂದೆರಡು ಗಂಟೆಯಲ್ಲಿ ನಡುಕ, ಫಿಟ್ಸ್, ಮೈ ಕಾದ ಹೆಂಚಿನಂತಾಗುತ್ತದೆ. ಇಲಿ ಪಾಷಾಣದಲ್ಲಿ ಎರಡು ಬಗೆ. ಜಿಂಕ್ ಫಾಸ್ಫೈಡ್ ಗಂಟೆಗಳಲ್ಲೇ ಕೊಲ್ಲುತ್ತದೆ. ಬ್ರೊಮಾಡಿಯೊಲೋನ್ ಕೇಕ್ ತಿಂದ ನಾಯಿ ಮೂರ್ನಾಲ್ಕು ದಿನ ಚೆನ್ನಾಗೇ ಇದ್ದು ಆಮೇಲೆ ಒಳಗೇ ರಕ್ತಸ್ರಾವವಾಗಿ ಕುಸಿಯುತ್ತದೆ. ಎರಡನೆಯದಕ್ಕೆ ವಿಟಮಿನ್ ಕೆ ಚಿಕಿತ್ಸೆ ಇದೆ, ಬೇಗ ತಿಳಿದರೆ. ಮಳೆಗೆ ಮುಂಚೆ ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತು ಕಲಸಿದ ಡ್ರಮ್ಮು, ಸುಣ್ಣದ ಬಕೆಟ್ ಮುಚ್ಚಿಡಿ. ಸಿಂಪಡಣೆ ಒಣಗುವವರೆಗೆ ಮರಿ ಆ ಕಡೆ ಬೇಡ.

ವಿಷ ತಿಂದದ್ದು ಕಂಡರೆ ಹುಣಸೆ ನೀರು, ಹಾಲು, ಉಪ್ಪುನೀರು, ಎಣ್ಣೆ ಯಾವುದನ್ನೂ ಕುಡಿಸಬೇಡಿ. ಫಿಟ್ಸ್ ಬರುವ ಮರಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜಿಂಕ್ ಫಾಸ್ಫೈಡ್ ತಿಂದ ಹೊಟ್ಟೆಗೆ ಆಹಾರ ಬಿದ್ದರೆ ವಿಷದ ಗಾಳಿ ಇನ್ನೂ ಹೆಚ್ಚು ಹುಟ್ಟುತ್ತದೆ. ಪ್ಯಾಕೆಟ್ ಕೈಯಲ್ಲಿ ಹಿಡಿದು ಗಾಡಿ ಹತ್ತಿ. ದಾರಿಯಲ್ಲೇ ಫೋನು ಮಾಡಿ ವೈದ್ಯರು ಇದ್ದಾರೆಯೇ ಕೇಳಿ.

‘ಬಿಡು’ ಮತ್ತು ‘ಬಾ’

ಇದಕ್ಕೆ ಮೊದಲು ಮನೆಯವರೆಲ್ಲ ಕೂತು ಮಾತು ಗೊತ್ತು ಮಾಡಿಕೊಳ್ಳಿ. ಅಜ್ಜ ಕೊಡವ ತಕ್ಕಿನಲ್ಲಿ ಕರೆಯುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ, ಕೆಲಸದವರು ಹಿಂದಿಯಲ್ಲೋ ಮಲಯಾಳದಲ್ಲೋ. ನಾಯಿಗೆ ಭಾಷೆ ಇಲ್ಲ, ಸದ್ದು ಮಾತ್ರ. ಯಾವ ಪದವಾದರೂ ಸರಿ, ಎಲ್ಲರ ಬಾಯಲ್ಲೂ ಒಂದೇ ಇರಲಿ. ಹಾಳೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ.

ತಿನಿಸೆಂದರೆ ಉಪ್ಪು ಹಾಕದೆ ಬೇಯಿಸಿದ ಕೋಳಿ, ಬಟಾಣಿ ಕಾಳಿನಷ್ಟು ತುಂಡು. ಒಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಊಟಕ್ಕೆ ಮುಂಚೆ. ಒಟ್ಟು ತಿನಿಸು ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ.

‘ಬಿಡು’ ಕಲಿಸಲು ಮುಷ್ಟಿಯಲ್ಲಿ ತಿನಿಸು ಹಿಡಿದು ಮರಿಯ ಮುಂದೆ ಚಾಚಿ. ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಿ. ಬೇಸತ್ತು ಮೂತಿ ಹಿಂದೆಳೆದ ಕ್ಷಣ ‘ಬಿಡು’ ಅಂದು ಇನ್ನೊಂದು ಕೈಯಿಂದ ತಿನಿಸು ಕೊಡಿ. ಮುಷ್ಟಿಯಲ್ಲಿದ್ದದ್ದು ಎಂದೂ ಸಿಗಬಾರದು, ಅದೇ ಇದರ ಗುಟ್ಟು. ಹತ್ತರಲ್ಲಿ ಒಂಬತ್ತು ಸಲ ಬಿಟ್ಟರೆ ಕೈ ತೆರೆದು ಹಿಡಿಯಿರಿ. ಆಮೇಲೆ ನೆಲದಲ್ಲಿಟ್ಟು ಪಾದ ಅಡ್ಡ ಇಡಿ. ಆಮೇಲೆ ಲೀಶ್ ಹಿಡಿದು ನೆಲದ ತಿನಿಸನ್ನು ದಾಟಿಸಿ. ಕೊನೆಗೆ ಅಂಗಳದಲ್ಲಿ, ನೀವೇ ಮೊದಲು ಇಟ್ಟ ಮೀನಿನ ತಲೆಯ ಪಕ್ಕದಲ್ಲಿ ಹಾದು ಹೋಗಿ. ಇಷ್ಟಕ್ಕೆ ಆರೇಳು ವಾರ ಬೇಕು. ನಡುವೆ ಏನಾದರೂ ಬಾಯಲ್ಲಿ ಹಿಡಿದರೆ ಓಡಿಸಿಕೊಂಡು ಹೋಗಿ ಕಿತ್ತುಕೊಳ್ಳಬೇಡಿ. ಕಿತ್ತುಕೊಳ್ಳುವ ಮನೆಯ ಮರಿ ಸಿಕ್ಕಿದ್ದನ್ನು ಬೇಗ ನುಂಗುವುದನ್ನು ಕಲಿಯುತ್ತದೆ. ಇನ್ನೂ ರುಚಿಯಾದದ್ದು ತೋರಿಸಿ ಬದಲಿಸಿಕೊಳ್ಳಿ.

‘ಬಾ’ ಶುರುವಾಗುವುದು ಮನೆಯೊಳಗೆ, ಎರಡು ಮೀಟರ್ ದೂರದಿಂದ. ಹೆಸರು, ‘ಬಾ’, ಒಂದೇ ಸಲ. ಕರೆದು ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ, ಮರಿ ಬೆನ್ನಟ್ಟಿ ಬರುತ್ತದೆ. ಬಂದಾಗ ಮೊದಲು ಬೆಲ್ಟು ಹಿಡಿಯಿರಿ, ಆಮೇಲೆ ತಿನಿಸು. ಈ ಕ್ರಮ ತಪ್ಪಿದರೆ ತಿನಿಸು ಕಸಿದು ಕೈಗೆ ಸಿಗದೆ ಸುತ್ತು ಹೊಡೆಯುವ ನಾಯಿಯಾಗುತ್ತದೆ. ಕೂಡಲೇ ಮತ್ತೆ ಆಡಲು ಬಿಡಿ. ದಿನಕ್ಕೆ ಇಪ್ಪತ್ತು ಸಲ, ಬಿಡಿಬಿಡಿಯಾಗಿ. ಎರಡನೇ ಹಂತ ಅಂಗಳ, ಹತ್ತು ಮೀಟರ್ ಹಗ್ಗ ಕಟ್ಟಿ ನೆಲದಲ್ಲಿ ಎಳೆಯಲು ಬಿಟ್ಟು. ಕರೆದಾಗ ಬಾರದಿದ್ದರೆ ಮತ್ತೆ ಮತ್ತೆ ಕೂಗದೆ ಹಗ್ಗ ಹಿಡಿದು ಹತ್ತಿರ ಹೋಗಿ, ಮೂಗಿಗೆ ತಿನಿಸು ತೋರಿಸಿ ಹಿಂದೆ ನಡೆಯಿರಿ. ಮೂರನೇ ಹಂತ ತೋಟದಂಚು. ಅಲ್ಲಿ ಅಳಿಲು, ಕಾಡುಕೋಳಿ ಇರುತ್ತವೆ, ಹಗ್ಗ ಇದ್ದೇ ಇರಬೇಕು.

ಸ್ನಾನಕ್ಕೆ, ಮಾತ್ರೆಗೆ, ಬೈಯಲು ಎಂದೂ ‘ಬಾ’ ಅನ್ನಬೇಡಿ. ಅಂಥ ಕೆಲಸಕ್ಕೆ ನೀವೇ ಹೋಗಿ ಎತ್ತಿಕೊಳ್ಳಿ. ಮತ್ತು ಆರನೇ ತಿಂಗಳ ಹೊತ್ತಿಗೆ ಕಲಿತದ್ದೆಲ್ಲ ಮರೆತಂತೆ ಮಾಡುತ್ತದೆ, ಕರೆದರೆ ತಿರುಗಿ ನೋಡಿ ಹೋಗುತ್ತದೆ. ಹರೆಯ. ಕೋಪ ಬೇಡ, ಹಗ್ಗ ಮತ್ತೆ ಕಟ್ಟಿ, ಎರಡನೇ ಹಂತದಿಂದ ಶುರು ಮಾಡಿ.

ಕೈ ಕಚ್ಚುವುದಕ್ಕೆ ಹೆಚ್ಚು ಹೇಳುವುದಿಲ್ಲ. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ ಎದ್ದು ಹೋಗಿ, ಅರ್ಧ ನಿಮಿಷದ ನಂತರ ಬನ್ನಿ. ನಾಲ್ಕರಿಂದ ಆರು ತಿಂಗಳು ಹಾಲುಹಲ್ಲು ಬಿದ್ದು 42 ಹಲ್ಲು ಬರುವ ಕಾಲ. ಒದ್ದೆ ಟವೆಲ್ ಹಿಂಡಿ ಫ್ರೀಜರಿನಲ್ಲಿಟ್ಟು ಅಗಿಯಲು ಕೊಡಿ.

ಕೋವಿಯ ಸದ್ದು

ಸೆಪ್ಟೆಂಬರಿನಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ, ನವೆಂಬರ್ ಡಿಸೆಂಬರಿನಲ್ಲಿ ಸುಗ್ಗಿಯ ಪುತ್ತರಿ, ಹುಟ್ಟು ಸಾವಿಗೆ ಗುಂಡು, ಆನೆ ಓಡಿಸಲು ಪಟಾಕಿ. ಕೊಡಗಿನ ನಾಯಿ ಸದ್ದಿಗೆ ಹೆದರುವಂತಿಲ್ಲ, ಹೆದರಿದರೆ ಕಾಡಿಗೆ ಓಡುತ್ತದೆ. ಮರಿ ಹೊಸದನ್ನು ಭಯವಿಲ್ಲದೆ ಒಪ್ಪಿಕೊಳ್ಳುವ ಬಾಗಿಲು ಮೂರರಿಂದ ಹದಿನಾಲ್ಕನೇ ವಾರದವರೆಗೆ ತೆರೆದಿರುತ್ತದೆ. ಮೊಬೈಲಿನಲ್ಲಿ ಗುಂಡಿನ ಸದ್ದನ್ನು ಕಿವಿಗೆ ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ ಊಟ ಕೊಡಿ. ಮರಿ ಊಟದಿಂದ ತಲೆ ಎತ್ತದಿದ್ದರೆ ಎರಡು ದಿನಕ್ಕೊಮ್ಮೆ ಒಂದು ಹಂತ ಏರಿಸಿ. ಕಿವಿ ಮಡಚಿದರೆ, ಬಾಲ ಇಳಿದರೆ ಎರಡು ಹಂತ ಇಳಿಸಿ. ಧೈರ್ಯ ಬರಲಿ ಎಂದು ಕೋವಿ ಹೊಡೆಯುವ ಪಕ್ಕದಲ್ಲಿ ಕಟ್ಟಿಹಾಕುವುದು ಒಂದೇ ದಿನದಲ್ಲಿ ಜೀವಮಾನದ ಭಯ ಹುಟ್ಟಿಸುವ ಉಪಾಯ. ಹಬ್ಬದ ದಿನ ಒಳಕೋಣೆಯಲ್ಲಿ ಬಾಗಿಲು ಹಾಕಿ ಇರಿಸಿ.

ಇದೇ ವಾರಗಳಲ್ಲಿ ಛತ್ರಿ, ಮಳೆಗೆ ಹೊದೆಯುವ ಗೊರಬೆ, ಹೆಲ್ಮೆಟ್, ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು, ಮುದುಕರು, ಮಕ್ಕಳು, ದನ, ಕೋಳಿ ಎಲ್ಲವನ್ನೂ ದೂರದಿಂದ ತೋರಿಸಿ. ಲಸಿಕೆ ಪೂರ್ತಿಯಾಗದಿದ್ದರೆ ಎತ್ತಿಕೊಂಡೇ ತೋರಿಸಿ.

ಮಳೆ ಮತ್ತು ರಾತ್ರಿ

ಮಳೆಗಾಲದಲ್ಲಿ ಪ್ರತಿ ಸಲ ಒಳಬಂದಾಗ ಟವೆಲಿನಿಂದ ಕಾಲ್ಬೆರಳ ಸಂದಿ, ಹೊಟ್ಟೆ, ಕಿವಿಯ ಒಳಮಡಿಕೆ ಒರೆಸಿ. ಬೆಲ್ಟು ಬಿಚ್ಚಿ ಒಣಗಿಸಿ. ಒದ್ದೆ ಬೆಲ್ಟಿನಡಿ ಕೂದಲು ಉದುರಿ ಹುಣ್ಣಾಗುತ್ತದೆ. ಸ್ನಾನ ತಿಂಗಳಿಗೊಮ್ಮೆ ಸಾಕು, ಬಿಸಿಲು ಬಂದ ದಿನ. ಕಿವಿಯಿಂದ ಹುಳಿ ವಾಸನೆ ಬಂದರೆ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ.

ತೋಟದ ನಡಿಗೆ ಆರು ತಿಂಗಳವರೆಗೆ ಚಿಕ್ಕದಿರಲಿ, ಕಡಿದಾದ ಬರೆ ಹತ್ತಿಳಿಸಬೇಡಿ. ಮೂಳೆಯ ತುದಿ ಇನ್ನೂ ಎಳಸು. ಆನೆ ಓಡಾಡುವ ಕಡೆ ನಾಯಿಯನ್ನು ಬಿಟ್ಟು ನಡೆಯುವುದು ಎಂದಿಗೂ ಬೇಡ. ಅದು ಮುಂದೆ ಹೋಗಿ ಬೊಗಳಿ, ಆನೆ ತಿರುಗಿದರೆ ನೇರ ನಿಮ್ಮ ಕಾಲ ಬಳಿಗೇ ಓಡಿ ಬರುತ್ತದೆ, ಆನೆಯೂ ಹಿಂದೆಯೇ.

ಹಗಲೆಲ್ಲ ಚೈನು, ರಾತ್ರಿ ಕಾವಲಿಗೆಂದು ಬಿಡುವುದು ನಮ್ಮ ಹಳೆ ಪದ್ಧತಿ. ಎರಡೂ ಕೆಟ್ಟದ್ದು. ದಿನವಿಡೀ ಕಟ್ಟಿದ ನಾಯಿ ಕಂಡವರ ಮೇಲೆ ಎಗರುತ್ತದೆ; ರಾತ್ರಿ ಬಿಟ್ಟ ನಾಯಿಯೂ ಅಂಗಳದಲ್ಲಿ ಕಟ್ಟಿದ ನಾಯಿಯೂ ಚಿರತೆಗೆ ಸುಲಭದ ಊಟ. ಬೊಗಳಲು ನಾಯಿ ಹೊರಗಿರಬೇಕಿಲ್ಲ, ಒಳಗಿಂದಲೇ ಚೆನ್ನಾಗಿ ಕೇಳುತ್ತದೆ ಅದಕ್ಕೆ. ಗ್ರಿಲ್ ಹಾಕಿದ ಜಗಲಿ ಇದ್ದರೆ ಅದೇ ಒಳ್ಳೆಯ ಜಾಗ. ಗೂಡೇ ಕಟ್ಟುವುದಾದರೆ ಐದಡಿ ಉದ್ದ, ನಾಲ್ಕಡಿ ಅಗಲ, ನಿಂತು ತಲೆ ತಾಗದ ಎತ್ತರ. ಹಲಗೆಯ ನೆಲ ಮಣ್ಣಿನಿಂದ ಎಂಟಿಂಚು ಮೇಲಿರಲಿ. ಮಳೆ ಬೀಸುವ ಕಡೆ, ಸಾಮಾನ್ಯವಾಗಿ ಪಡುವಣ, ಪೂರ್ತಿ ಹಲಗೆ ಹೊಡೆಯಿರಿ. ಉಳಿದ ಕಡೆ ದಪ್ಪ ವೆಲ್ಡ್ ಮೆಷ್, ಪಂಜ ತೂರದಷ್ಟು ಸಣ್ಣ ಕಣ್ಣಿನದು; ಅದರ ಕೆಳಗಿನ ಎರಡಡಿಗೂ ಒಳಗಿನಿಂದ ಹಲಗೆ, ನಾಯಿ ಜಾಲರಿಗೆ ಒರಗಿ ಮಲಗದಂತೆ. ಬಾಗಿಲಿಗೆ ತಂತಿ ಸುತ್ತಿದರೆ ಸಾಲದು, ಚಿಲಕ ಹಾಕಿ. ಆರು ತಿಂಗಳವರೆಗೆ ಮಾತ್ರ ಗೂಡಿನ ಯೋಚನೆಯೇ ಬೇಡ. ಮರಿ ಒಳಗೇ ಮಲಗಲಿ, ಸಂಜೆ ಆರಕ್ಕೆ ದೀಪ ಹಚ್ಚುವ ಹೊತ್ತಿಗೆ ಕರೆದು ಊಟ ಕೊಟ್ಟು ಬಾಗಿಲು ಹಾಕಿ. ಕೆಲವು ವಾರದಲ್ಲಿ ಆ ಹೊತ್ತಿಗೆ ಕರೆಯದೆಯೇ ಬಂದು ಹೊಸಿಲಲ್ಲಿ ಕೂತಿರುತ್ತದೆ.